ಬರ್ಕನ ಬ್ರಿಸ್ಟಲ್ ಭಾಷಣ: ಒಂದು ವಿಮರ್ಶೆ

ಪ್ರತಿನಿಧಿಯು ಮತದಾರರ ಆಜ್ಞಾಧಾರಕನಲ್ಲ, ಸ್ವಂತ ವಿವೇಚನೆಗೆ ಬದ್ಧನಾದವನು ಎಂದು ಎಡ್ಮಂಡ್ ಬರ್ಕನು 1774ರಲ್ಲಿ ಬ್ರಿಸ್ಟಲ್ಲಿನ ಮತದಾರರೆದುರು ಸಾರಿದನು. ಈ ಭಾಷಣವನ್ನು ನಾವು ತರಗತಿಗಳಲ್ಲಿ ತತ್ತ್ವನಿಷ್ಠೆಯ ಆದರ್ಶವೆಂದು ಬೋಧಿಸುತ್ತ ಬಂದಿದ್ದೇವೆ. ಆತನು ನುಡಿದಂತೆ ನಡೆದನೆಂಬುದು ನಿರ್ವಿವಾದ. ಬ್ರಿಸ್ಟಲ್ಲಿನ ವರ್ತಕರು ವಿರೋಧಿಸಿದರೂ ಐರ್ಲೆಂಡಿನ ವ್ಯಾಪಾರನಿರ್ಬಂಧಗಳ ಸಡಿಲಿಕೆಯನ್ನು ಬೆಂಬಲಿಸಿದನು; 1780ರಲ್ಲಿ ಗೆಲುವಿನ ಆಸೆಯಿಲ್ಲದೆ ಕಣದಿಂದ ಹಿಂದೆ ಸರಿದನು.

ಆದರೆ ಪಾಠವು ಇಲ್ಲಿಗೇ ನಿಲ್ಲತಕ್ಕದ್ದಲ್ಲ. ಬ್ರಿಸ್ಟಲನ್ನು ಕಳೆದುಕೊಂಡವನಿಗೆ, ಆತನ ಪಕ್ಷದ ನಾಯಕನಾದ ರಾಕಿಂಗ್‌ಹ್ಯಾಮ್ ಪ್ರಭುವಿನ ಹಿಡಿತದಲ್ಲಿದ್ದ ಮಾಲ್ಟನ್ ಕ್ಷೇತ್ರವು ದೊರೆಯಿತು. ಮತದಾರರಿಂದ ಸ್ವತಂತ್ರನಾದವನು ಪೋಷಕನ ಆಶ್ರಯಕ್ಕೆ ಬಂದನು. ಇದರಿಂದ ಆತನ ಪ್ರಾಮಾಣಿಕತೆಗೆ ಕುಂದಿಲ್ಲ. ಆತನ ಸಿದ್ಧಾಂತಕ್ಕೆ ಮಾತ್ರ ಮಿತಿಯುಂಟು. ಅಂಥ ಆಶ್ರಯವಿಲ್ಲದ ಇಂದಿನ ಪ್ರತಿನಿಧಿಯನ್ನು ಬರ್ಕನ ಅಳತೆಗೋಲಿನಿಂದ ಅಳೆಯುವ ಮುನ್ನ ಮಾಲ್ಟನ್ನನ್ನೂ ನೆನೆಯುವುದು ನ್ಯಾಯ.