ವಿದ್ಯುತ್ ಬಿಲ್ಲೂ ಚೀಟಿಯ ಪರೀಕ್ಷೆಯೂ

ಬೈಂದೂರು, ಕುಂದಾಪುರ, ಬ್ರಹ್ಮಾವರಗಳ ಕನ್ನಡ ಶಾಲೆಗಳಲ್ಲಿ ಓದಿ, ಮೂಡ್ಲಕಟ್ಟೆಯಲ್ಲೋ ಬಂಟಕಲ್ಲಿನಲ್ಲೋ ಎಂಜಿನಿಯರಿಂಗ್ ವ್ಯಾಸಂಗಕ್ಕೆ ತೊಡಗಿದ ತರುಣರಿಗೆ, ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯವು 2018ರ ಯೋಜನೆಯಲ್ಲಿ ವಿಧಿಸಿದ ಸಿ ಭಾಷೆಯ ಪ್ರಯೋಗಮಾಲೆಯು ಪ್ರೋಗ್ರಾಮಿಂಗ್ ವಿದ್ಯೆಯ ಪ್ರವೇಶದ್ವಾರವಾಗಿತ್ತು. ವಸ್ತುವಿನ ಆಯ್ಕೆಯಲ್ಲಿ ಅದು ಪ್ರಶಂಸಾರ್ಹವೇ ಸರಿ. ವರ್ಗಸಮೀಕರಣದಿಂದ ಪಾಯಿಂಟರುಗಳವರೆಗೆ ಮೆಟ್ಟಿಲು ಮೆಟ್ಟಿಲಾಗಿ ಏರುವ ಆ ಮಾಲೆಯಲ್ಲಿ ಅತ್ಯಂತ ಸಮರ್ಪಕವಾದುದು ವಿದ್ಯುತ್ ಬಿಲ್ಲಿನ ಸಮಸ್ಯೆ: ಮೊದಲ 200 ಯೂನಿಟ್ಟಿಗೆ ತಲಾ 80 ಪೈಸೆ, ಮುಂದಿನ 100ಕ್ಕೆ 90 ಪೈಸೆ, ಆಮೇಲೆ 1 ರೂಪಾಯಿ, ಮೀಟರ್ ಶುಲ್ಕ 100 ರೂಪಾಯಿ, ಮೊತ್ತವು 400 ಮೀರಿದರೆ ಶೇಕಡಾ 15 ಅಧಿಕ. ಮನೆಮನೆಗೂ ಪರಿಚಿತವಾದ ಈ ಲೆಕ್ಕದಲ್ಲಿ ಷರತ್ತುಗಳ ತರ್ಕವೆಲ್ಲ ಅಡಕವಾಗಿದೆ.

ದೋಷವಿದ್ದುದು ಪರೀಕ್ಷಾಪದ್ಧತಿಯಲ್ಲಿ. ಮೊದಲ ಪ್ರಯೋಗವನ್ನುಳಿದು ಮಿಕ್ಕವುಗಳಲ್ಲಿ ಚೀಟಿ ಎತ್ತಿದಾಗ ಬಂದುದನ್ನು ಬರೆದು ನಡೆಸಿ ತೋರಿಸಬೇಕಿತ್ತು. ಪ್ರಯೋಗವನ್ನು ಒಮ್ಮೆ ಮಾತ್ರ ಬದಲಾಯಿಸಬಹುದಿತ್ತು, ಆಗ ಬರವಣಿಗೆಯ ಅಂಕ ಸೊನ್ನೆಯಾಗುತ್ತಿತ್ತು. ಪ್ರಶ್ನೆಗಳೆಲ್ಲ ಮೊದಲೇ ಅಚ್ಚಾಗಿರುವಾಗ, ಇಂಗ್ಲಿಷಿನ ದೋಷಸೂಚನೆಗಳಿಗೆ ಬೆದರಿದ ವಿದ್ಯಾರ್ಥಿಯು ರೆಕಾರ್ಡ್ ಪುಸ್ತಕವನ್ನೇ ಬಾಯಿಪಾಠ ಮಾಡಿದರೆ ಅದು ಅವನ ಆಲಸ್ಯವಲ್ಲ, ಪದ್ಧತಿಯೇ ಕಲಿಸಿದ ವಿವೇಕ. ಆದರೆ ಪ್ರಸಂಗದ ಪದ್ಯಗಳು ಕಂಠಸ್ಥವಾದ ಮಾತ್ರಕ್ಕೆ ತಾಳಮದ್ದಳೆಯಲ್ಲಿ ಅರ್ಥ ಹೇಳಲು ಬಾರದೆಂಬುದನ್ನು ಈ ಸೀಮೆಯವರಿಗೆ ವಿವರಿಸಬೇಕಾದುದಿಲ್ಲ.

ಪ್ರೋಗ್ರಾಮಿಂಗ್ ಕಲಿಯುವ ಈ ಕಷ್ಟವು ನಮ್ಮದು ಮಾತ್ರವಲ್ಲ. ವಾಟ್ಸನ್ ಮತ್ತು ಲೀ ಎಂಬ ಸಂಶೋಧಕರು 15 ದೇಶಗಳ 161 ಪ್ರೋಗ್ರಾಮಿಂಗ್ ಪ್ರವೇಶ ಕೋರ್ಸುಗಳನ್ನು ಪರಿಶೀಲಿಸಿ 2014ರಲ್ಲಿ ಪ್ರಕಟಿಸಿದಂತೆ, ಸರಾಸರಿ ಶೇಕಡಾ 67.7 ಮಂದಿ ಮಾತ್ರ ಉತ್ತೀರ್ಣರು. ಅದಕ್ಕೂ ಹತ್ತು ವರ್ಷ ಮೊದಲು ಲಿಸ್ಟರ್ ಮೊದಲಾದವರು ಹಲವು ದೇಶಗಳ ವಿದ್ಯಾರ್ಥಿಗಳನ್ನು ಪರೀಕ್ಷಿಸಿದಾಗ, ಪ್ರೋಗ್ರಾಮ್ ಬರೆಯುವುದಿರಲಿ, ಬರೆದಿಟ್ಟ ಸಣ್ಣ ತುಣುಕನ್ನು ಸಾಲುಸಾಲಾಗಿ ಓದಿ ಫಲಿತಾಂಶ ಹೇಳುವುದರಲ್ಲಿಯೇ ಅನೇಕರು ಎಡವಿದರು.

ಆದುದರಿಂದ ಯಂತ್ರವನ್ನು ಮುಟ್ಟುವ ಮುನ್ನ, ಕಾಗದದ ಮೇಲೆ, ಕನ್ನಡದಲ್ಲಿಯೇ, 350 ಯೂನಿಟ್ಟಿನ ಬಿಲ್ಲೆಷ್ಟೆಂದು ಕೇಳಬೇಕು. 160, 90, 50, ಮೇಲೆ 100: ಒಟ್ಟು ನಿಖರವಾಗಿ 400; ಮೀರಲಿಲ್ಲವಾದುದರಿಂದ ಅಧಿಕ ಶುಲ್ಕವಿಲ್ಲ. 'ಹೆಚ್ಚು' ಎಂಬ ಚಿಹ್ನೆಯ ಸ್ಥಾನದಲ್ಲಿ 'ಹೆಚ್ಚು ಅಥವಾ ಸಮ' ಎಂಬುದನ್ನು ಬರೆದವನು ಬಡ ಗ್ರಾಹಕನ ಮೇಲೆ 60 ರೂಪಾಯಿ ಹೊರಿಸಿದಂತಾಯಿತು. ಇದನ್ನು ಕಂಡುಕೊಂಡವನು ಪ್ರೋಗ್ರಾಮಿಂಗನ್ನು ಕಲಿತನು.

2022ರ ಯೋಜನೆಯು ಪ್ರಯೋಗವನ್ನು ಪಾಠದೊಡನೆ ಬೆಸೆದು ನಿರಂತರ ಮೌಲ್ಯಮಾಪನಕ್ಕೆ ಒಪ್ಪಿಸಿದುದು ಶ್ಲಾಘ್ಯವೇ. ಬಿಲ್ಲಿನ ಸಮಸ್ಯೆಯೂ ಅಲ್ಲಿ ಉಳಿದಿದೆ, ನಿಯತ ಪಟ್ಟಿಯೂ ಉಳಿದಿದೆ. ಇನ್ನು ಬೇಕಾದುದು ಅಧ್ಯಾಪಕರ ಅಲ್ಪ ಧೈರ್ಯ: ಪರೀಕ್ಷೆಯ ದಿನ ಒಂದು ದರವನ್ನೋ ಒಂದು ಮಿತಿಯನ್ನೋ ಬದಲಾಯಿಸಿ ಕೊಡಲಿ. ಅಂದು ಬಾಯಿಪಾಠವು ನಿಷ್ಪ್ರಯೋಜಕವಾಗುವುದು. ಉತ್ತೀರ್ಣನಾದವನ ಅಂಕಕ್ಕೂ ಬೆಲೆ ಬರುವುದು.