ಮುಖ್ಯಗುರುಗಳ ವಾರದ ಮಾತು: ಒಂದು ವಿಮರ್ಶೆ

ಶಾಲೆಯ ಮುಖ್ಯಗುರುಗಳು ವಾರಕ್ಕೊಮ್ಮೆ ಮಕ್ಕಳಿಗೂ ಪಾಲಕರಿಗೂ ನಾಲ್ಕು ಮಾತು ಬರೆಯುವ ಪದ್ಧತಿ ನಮ್ಮ ಅನೇಕ ಶಾಲೆಗಳಲ್ಲಿದೆ. ಕೆಲವೆಡೆ ಅದು ಸೋಮವಾರದ ಪ್ರಾರ್ಥನಾ ಸಭೆಯ ಮಾತು, ಕೆಲವೆಡೆ ವರಾಂಡದ ಕರಿಹಲಗೆಯ ಬರಹ, ಈಗೀಗ ಪಾಲಕರ ಮೊಬೈಲಿಗೆ ಬರುವ ಸಂದೇಶ. ವಿಮರ್ಶಕರು ಇದನ್ನು ಸಾಹಿತ್ಯವೆಂದು ಎಣಿಸುವುದಿಲ್ಲ. ಆದರೆ ಬೀದರ, ಭಾಲ್ಕಿ, ಔರಾದ ಸೀಮೆಯ ಎಷ್ಟೋ ಮನೆಗಳಿಗೆ ಪಠ್ಯಪುಸ್ತಕದ ಹೊರಗೆ ವಾರವಾರವೂ ತಲುಪುವ ಕನ್ನಡ ಬರಹವೆಂದರೆ ಇದೊಂದೇ. ಆದ್ದರಿಂದ ಇದನ್ನು ತೂಗಿ ನೋಡುವುದು ಅನಾವಶ್ಯಕವೇನಲ್ಲ.

ಔರಾದ ತಾಲ್ಲೂಕಿನ ಒಂದು ಶಾಲೆಯಲ್ಲಿ ಮುಖ್ಯಗುರುವಾಗಿದ್ದಾಗ ನಾನೂ ಇಂಥ ಬರಹಗಳನ್ನು ಬರೆದವನು. ನಿವೃತ್ತಿಯ ನಂತರ ಆ ನೋಟುಪುಸ್ತಕಗಳನ್ನು ಬಿಚ್ಚಿ ಓದಿದಾಗ ಮನಸ್ಸಿಗೆ ಪಿಚ್ಚೆನಿಸಿತು. ಸಮಯಪಾಲನೆ, ಶಿಸ್ತು, ಸ್ವಚ್ಛತೆ, ಟಿ.ವಿ.ಯ ಕೆಡುಕು, ಮತ್ತೆ ಸಮಯಪಾಲನೆ. ಭಾಷೆ ಶುದ್ಧವಾಗಿತ್ತು, ಸಂಸ್ಕೃತ ಪದಗಳು ಧಾರಾಳವಾಗಿದ್ದವು, ಆದರೆ ಒಂದು ಮಗುವೂ ಅದರೊಳಗೆ ಇರಲಿಲ್ಲ. ಪಾಲಕರ ಸಭೆಯೊಂದರಲ್ಲಿ ಮರಾಠಿ ಮನೆಮಾತಿನ ತಾಯಿಯೊಬ್ಬರು ನಗುತ್ತ ಹೇಳಿದ್ದ ಮಾತು ಆಗ ನೆನಪಾಯಿತು: "ನನಗ ಕನ್ನಡ ಓದಾಕ ಬರಂಗಿಲ್ರಿ ಸರ್. ಮಗಳು ಓದಿ ಮರಾಠಿದಾಗ ಹೇಳ್ತಾಳ, ಸರ್ ಈ ವಾರನೂ ಸಿಟ್ಟಿಗೆದ್ದಾರ ಅಂತ." ಇಡೀ ಪುಟದ ನನ್ನ ಗದ್ಯವನ್ನು ಆ ಹುಡುಗಿ ಒಂದೇ ವಾಕ್ಯಕ್ಕೆ ಭಾಷಾಂತರಿಸಿದ್ದಳು. ಅದಕ್ಕಿಂತ ನಿಖರವಾದ ವಿಮರ್ಶೆ ನನ್ನ ಬರಹಕ್ಕೆ ಇದುವರೆಗೂ ಬಂದಿಲ್ಲ.

ಹಾಗಾದರೆ ಮುಖ್ಯಗುರು ಏನನ್ನು ಬರೆಯಬೇಕು? ತಾನು ಓದಿದ್ದನ್ನು, ನೋಡಿದ್ದನ್ನು, ಶಾಲೆಯ ಅಂಗಳದಲ್ಲಿ ಕಂಡದ್ದನ್ನು ಎಂದು ಸುಲಭವಾಗಿ ಉತ್ತರಿಸಬಹುದು. ಹೇಗೆ ಎಂಬುದೇ ಕಷ್ಟದ ಪ್ರಶ್ನೆ.

ಓದಿನಿಂದ ಆರಂಭಿಸೋಣ. ಕನ್ನಡದಲ್ಲಿ ಶಾಲೆಯ ಬಾಳನ್ನು ಮೇಲಧಿಕಾರಿಯ ಕಣ್ಣಿನಿಂದ ಚಿತ್ರಿಸಿದ ಕೃತಿಗಳಲ್ಲಿ ಎಂ.ಆರ್. ಶ್ರೀನಿವಾಸಮೂರ್ತಿಯವರ 'ರಂಗಣ್ಣನ ಕನಸಿನ ದಿನಗಳು' ಮೇಲುಸಾಲಿನದು. ಸ್ವತಃ ವಿದ್ಯಾ ಇಲಾಖೆಯಲ್ಲಿ ದುಡಿದ ಲೇಖಕರು 1950ರಲ್ಲಿ ನಮ್ಮ ನೆರೆಯ ಸೊಲ್ಲಾಪುರದ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಅಧ್ಯಕ್ಷರಾಗಿದ್ದವರು. ಇನ್‌ಸ್ಪೆಕ್ಟರಾಗಬೇಕೆಂದು ಕನಸು ಕಂಡು ಇನ್‌ಸ್ಪೆಕ್ಟರಾದ ರಂಗಣ್ಣ, ಮೇಷ್ಟರುಗಳನ್ನು ಗದರಿಸಿ ಆಳುವ ಬದಲು ಅವರ ಸಂಘಗಳನ್ನು ಕಟ್ಟಿ, ಊರಿನ ಪ್ರಬಲರ ವಿರೋಧವನ್ನೂ ಎದುರಿಸುತ್ತಾನೆ. ತಪ್ಪನ್ನು ಕಂಡೂ ತಪ್ಪು ಮಾಡಿದವನನ್ನು ಹೀಗಳೆಯದ ನಗೆ ಈ ಪುಸ್ತಕದ ದೊಡ್ಡ ಗುಣ. ನನ್ನ ನೋಟುಪುಸ್ತಕಗಳಲ್ಲಿ ಇಲ್ಲದೆ ಹೋದದ್ದು ಅದೇ. ಕೊರತೆಯೂ ಇಲ್ಲದಿಲ್ಲ: ರಂಗಣ್ಣನ ಕಣ್ಣು ಹೆಚ್ಚಾಗಿ ಮೇಷ್ಟರ ಮೇಲಿದೆ, ಮಕ್ಕಳು ಬಹುಮಟ್ಟಿಗೆ ತನಿಖೆಯ ದಿನ ಎದ್ದು ನಿಂತು ಉತ್ತರ ಹೇಳುವವರು. ಮನೆಗೆ ಹೋದ ಮೇಲೆ ಅವರೇನು ಎಂಬುದು ತಿಳಿಯುವುದು ಕಡಿಮೆ.

ನೋಡಿದ್ದರ ಮಾತಿಗೆ ಬಂದರೆ, 2018ರಲ್ಲಿ ತೆರೆಕಂಡ, ರಿಷಬ್ ಶೆಟ್ಟಿ ನಿರ್ದೇಶನದ 'ಸರ್ಕಾರಿ ಹಿ. ಪ್ರಾ. ಶಾಲೆ, ಕಾಸರಗೋಡು' ನಮ್ಮ ಗಡಿ ಜಿಲ್ಲೆಯವರು ಅವಶ್ಯವಾಗಿ ಚರ್ಚಿಸಬೇಕಾದ ಚಿತ್ರ. ಅತ್ಯುತ್ತಮ ಮಕ್ಕಳ ಚಿತ್ರವೆಂದು ರಾಷ್ಟ್ರಪ್ರಶಸ್ತಿಯನ್ನೂ ಪಡೆಯಿತು. 1956ರ ನವೆಂಬರ್ 1ರಂದು ರಾಜ್ಯಗಳ ಪುನರ್ವಿಂಗಡಣೆಯಾದಾಗ ಕಾಸರಗೋಡು ಕೇರಳಕ್ಕೆ ಸೇರಿತು. ಅದೇ ದಿನ ನಮ್ಮ ಬೀದರ ಹೈದರಾಬಾದ್ ರಾಜ್ಯದಿಂದ ಮೈಸೂರು ರಾಜ್ಯಕ್ಕೆ ಬಂದಿತು. ಅಲ್ಲಿಯ ಮಕ್ಕಳಿಗೆ ಬಾರದ ಭಾಷೆಯ ಮೇಷ್ಟರು ಬಂದಾಗ ನಾವು ನಗುತ್ತೇವೆ. ಆದರೆ ಔರಾದದ ತಾಂಡಾದಿಂದ ಲಂಬಾಣಿಯನ್ನೋ, ಗಡಿಯ ಹಳ್ಳಿಯಿಂದ ಮರಾಠಿಯನ್ನೋ ಆಡುತ್ತ ಬಂದ ಮಗುವಿಗೆ ನಮ್ಮ ಗ್ರಾಂಥಿಕ ಕನ್ನಡವೂ ಹಾಗೆಯೇ ಕೇಳಿಸುತ್ತದಲ್ಲವೇ? ಮೊದಲರ್ಧದಲ್ಲಿ ತರಗತಿಯ ಗದ್ದಲದಲ್ಲಿ ಜೀವ ತುಂಬಿಕೊಳ್ಳುವ ಚಿತ್ರ, ಉತ್ತರಾರ್ಧದಲ್ಲಿ ನ್ಯಾಯಾಲಯಕ್ಕೆ ಹೋಗಿ ಅನಂತನಾಗ್ ಅವರ ವಾಕ್ಚಾತುರ್ಯವನ್ನು ಆಶ್ರಯಿಸುತ್ತದೆ. ಒಳ್ಳೆಯ ಭಾಷಣ ಶಾಲೆಯನ್ನು ಉಳಿಸಬಹುದು. ಆದರೆ ಆ ಶಾಲೆಯಲ್ಲಿ ಮಗು ನಾಳೆ ಏನು ಕಲಿಯುತ್ತದೆ ಎಂಬುದನ್ನು ಭಾಷಣ ನಿರ್ಧರಿಸಲಾರದು. ಇಂಥ ಪ್ರಶ್ನೆಯೊಂದನ್ನು ಎತ್ತಿದರೆ ಮುಖ್ಯಗುರುಗಳ ಬರಹ ಮನೆಯ ಚರ್ಚೆಯಾಗುತ್ತದೆ. 'ಟಿ.ವಿ. ನೋಡಬೇಡಿ' ಎಂದರೆ ಚರ್ಚೆ ಅಲ್ಲಿಗೇ ಮುಗಿಯುತ್ತದೆ.

ಇನ್ನು ಅಂಗಳ. ಬರೆಯುವುದಕ್ಕೆ ವಿಷಯವಿಲ್ಲ ಎನ್ನುವ ಬೀದರದ ಮುಖ್ಯಗುರುವನ್ನು ಮಹಮೂದ್ ಗವಾನನ ಮದರಸಾದ ಮುಂದೆ ನಿಲ್ಲಿಸಬೇಕು. ಪರ್ಷಿಯಾದ ಗಿಲಾನಿನಿಂದ ಬಂದು ಬಹಮನಿ ರಾಜ್ಯದ ಮಂತ್ರಿಯಾದ ಗವಾನ್ 1472ರಲ್ಲಿ ಕಟ್ಟಿಸಿದ ಈ ಮೂರಂತಸ್ತಿನ ವಿದ್ಯಾಲಯದಲ್ಲಿ ಮೂರು ಸಾವಿರ ಹಸ್ತಪ್ರತಿಗಳಿದ್ದವೆಂದು ಪ್ರತೀತಿ. ಅವನು ಪತ್ರಲೇಖನದಲ್ಲಿ ನಿಪುಣ. ಅವನ ಪತ್ರಗಳ ಸಂಗ್ರಹವೇ ಇದೆ. ಆದರೆ 1481ರಲ್ಲಿ ಅವನ ಪ್ರಾಣ ತೆಗೆದದ್ದೂ ಒಂದು ಪತ್ರವೇ. ಅವನ ಮುದ್ರೆಯಿದ್ದ ಖಾಲಿ ಕಾಗದದ ಮೇಲೆ ವೈರಿಗಳು ರಾಜದ್ರೋಹದ ಮಾತು ಬರೆದು ಸುಲ್ತಾನನಿಗೆ ತೋರಿಸಿದರೆಂದು ಇತಿಹಾಸಕಾರ ಫರಿಷ್ತಾ ದಾಖಲಿಸಿದ್ದಾನೆ. ಸುಲ್ತಾನ ವಿಚಾರಿಸದೆ ಮರಣದಂಡನೆ ವಿಧಿಸಿದ, ಆಮೇಲೆ ಪಶ್ಚಾತ್ತಾಪಪಟ್ಟ. ಬಂದ ಸಂದೇಶವನ್ನೆಲ್ಲ ನಂಬಿ ಮುಂದಕ್ಕೆ ಕಳಿಸುವ ಇಂದಿನ ನಮಗೆ, ನಮ್ಮೂರಿನ ಗೋಡೆಯೇ ಹೇಳುವ ಈ ಪಾಠಕ್ಕಿಂತ ಬೇರೆ ನೀತಿಬೋಧೆ ಬೇಕೆ?

ಭಾಲ್ಕಿಯವರಿಗೆ ಅಷ್ಟು ದೂರವೂ ಹೋಗಬೇಕಾಗಿಲ್ಲ. ನಿಜಾಮರ ಆಡಳಿತದಲ್ಲಿ, ಹೊರಗೆ ಉರ್ದು ಫಲಕವನ್ನು ತೂಗುಹಾಕಿ ಒಳಗೆ ಕನ್ನಡ ಕಲಿಸಿದ ಭಾಲ್ಕಿ ಹಿರೇಮಠದ ಡಾ. ಚನ್ನಬಸವ ಪಟ್ಟದ್ದೇವರ (1890–1999) ಸಾಹಸವನ್ನು ಈ ಸೀಮೆಯಲ್ಲಿ ಅರಿಯದವರಿಲ್ಲ. ನಾವು ಅದನ್ನು ವರ್ಷಕ್ಕೊಮ್ಮೆ ವೇದಿಕೆಯ ಮೇಲೆ ಹೊಗಳಿ ಸುಮ್ಮನಾಗುತ್ತೇವೆ. ಮಗುವಿನ ಭಾಷೆಗೆ ಬಾಗಿಲು ಮುಚ್ಚಿದ್ದಾಗ ಒಳಗಿನಿಂದ ತೆರೆದವರು ಅವರು. ಇಂದು ನಮ್ಮ ಶಾಲೆಯ ಫಲಕ ಯಾವ ಭಾಷೆಯಲ್ಲೇ ಇರಲಿ, ಒಳಗೆ ಯಾವ ಮಗುವಿನ ಮಾತಿಗೆ ಸ್ಥಳವಿಲ್ಲ ಎಂದು ಕೇಳಿಕೊಳ್ಳುವುದೇ ಅವರಿಗೆ ಸಲ್ಲಿಸುವ ಗೌರವವಾದೀತು.

ಒಂದು ಆಕ್ಷೇಪಣೆ ಬರಬಹುದು: ಶಿಸ್ತಿನ ಮಾತೇ ಬೇಡವೇ? ಬೇಕು. ಆದರೆ ಉಪದೇಶವೊಂದೇ ಕಿವಿಗೆ ಬಿದ್ದರೆ ಅದು ಮನಸ್ಸಿಗೆ ಇಳಿಯದು. ಬಿತ್ತುವವನನ್ನು, ಕಳೆದುಹೋದ ಕುರಿಯನ್ನು, ಹಿಟ್ಟು ನಾದುವ ಹೆಂಗಸನ್ನು ಕುರಿತು ಕಥೆ ಹೇಳಿದ ಪರಮಗುರುವಿನ ಹಿಂಬಾಲಕರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಶಿಷ್ಯರು ದೊಡ್ಡವರಾರೆಂದು ವಾದಿಸುತ್ತಿದ್ದಾಗ ಆತನು ಒಂದು ಮಗುವನ್ನು ಕರೆದು ನಡುವೆ ನಿಲ್ಲಿಸಿದನು. ಮುಖ್ಯಗುರುಗಳ ಬರಹಕ್ಕೂ ಇದೇ ಅಳತೆಗೋಲು: ಅದರ ನಡುವೆ ಮಗು ನಿಂತಿದೆಯೇ?

ಓದುಗ ಬಂಧುಗಳೇ, ಇದು ಮುಖ್ಯಗುರುಗಳೊಬ್ಬರ ಹೊಣೆಯಲ್ಲ. ಶಾಲೆಯಿಂದ ಬಂದ ಬರಹವನ್ನು ರಾತ್ರಿಯ ಊಟದ ನಂತರ ಮಗುವಿನಿಂದಲೇ ಓದಿಸಿ, ನಿಮ್ಮ ಮನೆಮಾತಿನಲ್ಲಿ ಅದರ ಸಾರವನ್ನು ಹೇಳಿಸಿರಿ. ಮಗು ಹೇಳಿದ್ದನ್ನು ಇದ್ದದ್ದಿದ್ದಂತೆ ಶಾಲೆಗೆ ತಿಳಿಸಿರಿ. ಆ ತಾಯಿ ನಗುತ್ತ ಹೇಳಿದ ಮಾತನ್ನು ನಾನು ಅಂದೇ ಗಂಭೀರವಾಗಿ ತೆಗೆದುಕೊಂಡಿದ್ದರೆ, ಉಳಿದ ವರ್ಷಗಳ ನೋಟುಪುಸ್ತಕಗಳು ಬೇರೆಯಾಗಿರುತ್ತಿದ್ದವು.