ಮಿರ್ಜಾನ್ ಕೋಟೆ ಮುಚ್ಚಿಟ್ಟ ಕರಾವಳಿ

ಕುಮಟಾ, ಹೊನ್ನಾವರ, ಭಟ್ಕಳ ಸೀಮೆಯ ಇತಿಹಾಸವನ್ನು ಇವತ್ತು ಯಾರು ಹೇಳಿದರೂ ಕತೆ ಒಂದೇ ದಾರಿ ಹಿಡಿಯುತ್ತದೆ. ಗೇರುಸೊಪ್ಪೆಯ ರಾಣಿ ಚೆನ್ನಭೈರಾದೇವಿ, 54 ವರ್ಷಗಳ ಆಳ್ವಿಕೆ, ಪೋರ್ಚುಗೀಸರೊಡನೆ ಕಾದಾಟ, ‘ಕಾಳುಮೆಣಸಿನ ರಾಣಿ’ ಎಂಬ ಬಿರುದು, ಆಕೆ ಕಟ್ಟಿಸಿದ ಮಿರ್ಜಾನ್ ಕೋಟೆ, ಕೊನೆಗೆ 1606ರ ಹೊತ್ತಿಗೆ ಕೆಳದಿಯವರ ಕೈಯಲ್ಲಿ ಸೆರೆ. ಈ ನಿರೂಪಣೆಯ ಬಗ್ಗೆ ನನಗೆ ಗಂಭೀರವಾದ ತಕರಾರಿದೆ. ತಕರಾರು ರಾಣಿಯ ಮೇಲಿನದಲ್ಲ. ಪಠ್ಯಪುಸ್ತಕಗಳು ಬದಿಗೆ ಸರಿಸಿದ್ದ ಹೆಣ್ಣುಮಗಳೊಬ್ಬಳನ್ನು ಗಜಾನನ ಶರ್ಮರ ಕಾದಂಬರಿಯಂಥ ಬರಹಗಳು ಓದುಗರ ನೆನಪಿಗೆ ತಂದಿವೆ, ಅದು ಸಣ್ಣ ಕೆಲಸವೇನಲ್ಲ. ಆದರೆ ಒಂದು ಸೀಮೆಯ ಇಡೀ ಚರಿತ್ರೆಯನ್ನು ಒಬ್ಬ ರಾಣಿ ಮತ್ತು ಒಂದು ಕೋಟೆಗೆ ಇಳಿಸಿದರೆ ಸೀಮೆಯೂ ಕಾಣುವುದಿಲ್ಲ, ರಾಣಿಯೂ ಸರಿಯಾಗಿ ಕಾಣುವುದಿಲ್ಲ.

ಮೊದಲು ಕೋಟೆಯನ್ನೇ ತೆಗೆದುಕೊಳ್ಳೋಣ. ಅಘನಾಶಿನಿಯ ದಡದಲ್ಲಿ ಚಿರೇಕಲ್ಲಿನಲ್ಲಿ ಎದ್ದ ಕಟ್ಟಡ ಅದು. ಮಳೆಗಾಲದಲ್ಲಿ ಗೋಡೆಗೆಲ್ಲ ಪಾಚಿ ಹತ್ತಿ ಹಸಿರಾಗುತ್ತದೆ, ಡ್ರೋನ್ ಚಿತ್ರಗಳಲ್ಲಿ ನಾವೆಲ್ಲ ನೋಡಿದ್ದೇವೆ. ಇದನ್ನು ರಾಣಿಯೇ ಕಟ್ಟಿಸಿದಳು ಎಂದು ಪ್ರವಾಸಿಗರಿಗೆ ಹೇಳುವವರು, ಬಿಜಾಪುರದ ಅಧಿಕಾರಿ ಷರೀಫ್-ಉಲ್-ಮುಲ್ಕ್ ಕಟ್ಟಿಸಿದನೆಂಬ ಇನ್ನೊಂದು ಹೇಳಿಕೆಯೂ ಬಹುಕಾಲದಿಂದ ಇದೆ ಎಂಬುದನ್ನು ಬಾಯಿ ಬಿಡುವುದಿಲ್ಲ. ಕೆಳದಿಯವರು, ಮೈಸೂರಿನವರು ಆಮೇಲೆ ಇದನ್ನು ಆಳಿದ್ದಾರೆ. ಕರಾವಳಿಯ ಕೋಟೆಗಳು ಹೀಗೆ ಕೈಯಿಂದ ಕೈಗೆ ದಾಟುತ್ತ ಬೆಳೆದವು. ಒಬ್ಬರ ಹೆಸರನ್ನು ಇಡೀ ಗೋಡೆಗೆ ಬಳಿದುಬಿಟ್ಟರೆ ಉಳಿದವರ ಕೈಗುರುತನ್ನು ನಾವೇ ಅಳಿಸಿದ ಹಾಗೆ.

ರಾಣಿಯ ಶಕ್ತಿ ಎಲ್ಲಿತ್ತು ಎಂದು ಕೇಳಿದರೆ ನಾನು ಕೋಟೆಯನ್ನು ಬಿಟ್ಟು ಗೇರುಸೊಪ್ಪೆಯ ಜಾಗವನ್ನು ತೋರಿಸುತ್ತೇನೆ. ಹೊನ್ನಾವರದಿಂದ ಸುಮಾರು 30 ಕಿ.ಮೀ. ಒಳಗೆ, ಶರಾವತಿಯಲ್ಲಿ ದೋಣಿ ಸಾಗಬಹುದಾದ ಕೊನೆಯ ತಾಣ ಅದು. ಅಲ್ಲಿಂದ ಮೇಲಕ್ಕೆ ಘಟ್ಟ. ತೋಟಗಳಲ್ಲಿ ಅಡಿಕೆ ಮರಕ್ಕೆ ಹಬ್ಬಿಸಿದ ಬಳ್ಳಿಯ ಮೆಣಸು ಹೊರೆಯಾಗಿ, ಹೇರಾಗಿ ಘಟ್ಟ ಇಳಿದು ಇಲ್ಲಿ ದೋಣಿ ಹತ್ತಬೇಕು. ಹೊರೆ ಇಳಿಯುವ ಜಾಗವನ್ನು ಹಿಡಿದವರು ಸುಂಕವನ್ನೂ ಹಿಡಿದಂತೆ. ನಗರಬಸ್ತಿಕೇರಿಯ ಚತುರ್ಮುಖ ಬಸದಿಯಲ್ಲಿ ನಿಂತು ನೋಡಿ. ನಾಲ್ಕು ದಿಕ್ಕಿಗೆ ನಾಲ್ಕು ಬಾಗಿಲು, ನಡುವೆ ನಾಲ್ಕೂ ಕಡೆ ಮುಖ ಮಾಡಿದ ತೀರ್ಥಂಕರರು, ಸುತ್ತ ಕಾಡು. ಕಾಡಿನ ನಡುವೆ ಇಷ್ಟು ಕಲ್ಲುಗೆಲಸಕ್ಕೆ ಹಣ ಬಂದದ್ದು ವ್ಯಾಪಾರದಿಂದ. ಈ ಊರಿನ ಬಸದಿಗಳಿಗೆ ದತ್ತಿ ಕೊಟ್ಟವರಲ್ಲಿ ಅರಸು ಮನೆತನದವರ ಜೊತೆ ಶೆಟ್ಟಿಗಳ ಹೆಸರೂ ಶಾಸನಗಳಲ್ಲಿ ಬರುತ್ತದೆ. ಬಸದಿಯನ್ನು ‘ರಾಣಿಯ ಕೊಡುಗೆ’ ಎಂದಷ್ಟೇ ನೋಡುವ ಕಣ್ಣಿಗೆ ಈ ಶೆಟ್ಟಿಗಳು ಬೀಳುವುದೇ ಇಲ್ಲ.

ಕಾದಾಟದ ಕತೆಗೂ ಇನ್ನೊಂದು ಮಗ್ಗುಲಿದೆ. 1569ರಲ್ಲಿ ಪೋರ್ಚುಗೀಸರು ಹೊನ್ನಾವರವನ್ನು ಗೆದ್ದರು ಎಂಬುದು ನಿಜ. ಆದರೆ ಅವರ ಜೊತೆ ಕಾದಿದ ರಾಜ್ಯವೇ ಮೆಣಸನ್ನು ಮಾರಿದ್ದೂ ಅವರಿಗೇ. ಅವರಿಗೆ ಹೊನ್ನಾವರ ಬೇಕಾಗಿದ್ದೇ ಮೆಣಸಿಗಾಗಿ. ಬಡಿದಾಟ ಮತ್ತು ಬೇರಂ ಎರಡನ್ನೂ ಒಟ್ಟಿಗೆ ನಡೆಸಿದ ಆಡಳಿತಗಾರ್ತಿಯನ್ನು ಬರಿಯ ಕತ್ತಿ ಹಿಡಿದ ವೀರರಾಣಿಯನ್ನಾಗಿ ಮಾಡುವುದು ಗೌರವವಲ್ಲ, ಆಕೆಯ ಜಾಣ್ಮೆಯನ್ನು ಕಡಿಮೆ ಮಾಡುವುದು. ಇನ್ನು ಆಕೆಯ ಪತನದ ಜೊತೆ ತಳುಕು ಹಾಕಿಕೊಂಡಿರುವ ಪ್ರಣಯದ ವದಂತಿ. ಅದನ್ನು ಬರೆದಿಟ್ಟವನು ಇಟಲಿಯ ಪಿಯೆತ್ರೊ ದೆಲ್ಲಾ ವಾಲ್ಲೆ, 1623ರಲ್ಲಿ ಶರಾವತಿ ಹೊಳೆಯಲ್ಲಿ ಹಾದು ಕೆಳದಿಯವರ ಇಕ್ಕೇರಿಗೆ ಹೋದವನು. ‘ಮೆಣಸಿನ ರಾಣಿ’ ಎಂದು ಪೋರ್ಚುಗೀಸರು ಕರೆಯುತ್ತಿದ್ದರೆಂದು ದಾಖಲಿಸಿದವನೂ ಅವನೇ. ಅವನು ಬರುವಾಗ ಗೇರುಸೊಪ್ಪೆ ಹಾಳುಬಿದ್ದು ಮರ ಬೆಳೆದಿತ್ತು. ಅವನ ಜೊತೆ ಪಯಣಿಸುತ್ತಿದ್ದವರಲ್ಲಿ ಕೆಳದಿಯ ವೆಂಕಟಪ್ಪ ನಾಯಕನ ರಾಯಭಾರಿಯೂ ಇದ್ದ. ಗೆದ್ದವರ ದೋಣಿಯಲ್ಲಿ ಕೂತವನು ಸೋತವಳ ಬಗ್ಗೆ ಬರೆದದ್ದನ್ನು ಸಾಕ್ಷ್ಯವೆಂದು ಒಪ್ಪುವ ಮೊದಲು ಎರಡು ಸಲ ಯೋಚಿಸಬೇಕು. ನಮ್ಮವರು ಬಿರುದನ್ನು ಸಂಭ್ರಮದಿಂದ ತೆಗೆದುಕೊಂಡರು, ವದಂತಿಯನ್ನು ಸಿಟ್ಟಿನಿಂದ ತಳ್ಳಿಹಾಕಿದರು. ಎರಡೂ ಒಂದೇ ಪುಸ್ತಕದಿಂದ ಬಂದವು ಎಂಬುದನ್ನು ಚರ್ಚಿಸಿದವರು ಕಡಿಮೆ.

ಮೆಣಸಿನ ಘಾಟಿನಲ್ಲಿ ಅಕ್ಕಿಯೇ ಮರೆತುಹೋಗಿದೆ, ಇದು ನನ್ನ ಮುಖ್ಯ ಆಕ್ಷೇಪ. ಪೋರ್ಚುಗೀಸರ ಗೋವೆ ಉಂಡದ್ದು ಬಹುಪಾಲು ಕೆನರಾ ಕರಾವಳಿಯ ಅಕ್ಕಿಯನ್ನು. ಭಟ್ಕಳದಿಂದ ಅವರು ಕಪ್ಪವನ್ನು ಪಡೆದದ್ದೂ ಅಕ್ಕಿಯ ರೂಪದಲ್ಲಿ. ಮಿರ್ಜಾನ್ ಕೋಟೆ ನೋಡಿ ಹಿಂತಿರುಗುವವರು ಹೊಳೆಯ ಕಡೆ ಸ್ವಲ್ಪ ಇಳಿದರೆ ಗಜನಿ ಸಿಗುತ್ತದೆ. ಉಪ್ಪುನೀರಿಗೆ ಅಡ್ಡಲಾಗಿ ಹಾಕಿದ ಮಣ್ಣಿನ ಕಟ್ಟೆ, ಕಟ್ಟೆಯಲ್ಲೊಂದು ಕಂಡಿ, ಕಂಡಿಗೆ ಹಲಗೆಯ ಬಾಗಿಲು. ಉಬ್ಬರದಲ್ಲಿ ಅದನ್ನು ಮುಚ್ಚಬೇಕು, ಇಳಿತದಲ್ಲಿ ತೆರೆಯಬೇಕು. ಮಳೆ ಉಪ್ಪನ್ನು ತೊಳೆದ ಮೇಲೆ ಕಗ್ಗ ಭತ್ತದ ಬಿತ್ತನೆ. ನೆರೆಗೆ ಮುಳುಗಿದರೂ ತಡೆದುಕೊಳ್ಳುವ, ಗೊಬ್ಬರ ಕೇಳದ ಭತ್ತ ಅದು. ಕೊಯ್ಲಾದ ಮೇಲೆ ಅದೇ ಗದ್ದೆಗೆ ಉಪ್ಪುನೀರು ಬಿಟ್ಟರೆ ಮೀನು, ಸಿಗಡಿ. ಹಾಲಕ್ಕಿಗಳು, ಪಟಗಾರರು, ನಾಮಧಾರಿಗಳು ಊರೊಟ್ಟಿನಲ್ಲಿ ಕಾಯ್ದುಕೊಂಡು ಬಂದ ವ್ಯವಸ್ಥೆ ಇದು. ಒಬ್ಬರ ಗದ್ದೆಯ ಕಟ್ಟೆ ಒಡೆದರೆ ಎಲ್ಲರ ಗದ್ದೆಗೂ ಉಪ್ಪು. ಕೋಟೆಗಿಂತ ಹೆಚ್ಚಿನ ಬುದ್ಧಿ, ಹೆಚ್ಚಿನ ಸಹಕಾರ ಈ ಕಟ್ಟೆಯಲ್ಲಿದೆ ಎಂದು ನಾನು ಹಿಂಜರಿಕೆಯಿಲ್ಲದೆ ಹೇಳುತ್ತೇನೆ. ಕೋಟೆಗೆ ಫಲಕವಿದೆ, ಕಾವಲಿದೆ. ಗಜನಿಗೆ ಎರಡೂ ಇಲ್ಲ. ಎಷ್ಟೋ ಗಜನಿಗಳು ಸಿಗಡಿ ಹೊಂಡಗಳಾಗಿವೆ.

ಇದೇ ಕುರುಡು ಉಳಿದ ಊರುಗಳಲ್ಲೂ ಇದೆ. 14ನೇ ಶತಮಾನದಲ್ಲಿ ಪ್ರವಾಸಿ ಇಬ್ನ್ ಬತೂತ ಹೊನ್ನಾವರದಲ್ಲಿ ಹೆಣ್ಣುಮಕ್ಕಳ 13 ಶಾಲೆ, ಗಂಡುಮಕ್ಕಳ 23 ಶಾಲೆ ಕಂಡದ್ದಾಗಿ ಬರೆದ. ಊರಿನ ನೆನಪಿನಲ್ಲಿ ಅದಕ್ಕೆ ಜಾಗವಿಲ್ಲ. ಭಟ್ಕಳದಲ್ಲಿ ಜಟ್ಟಪ್ಪ ನಾಯಕನ ಚಂದ್ರನಾಥೇಶ್ವರ ಬಸದಿ, ಖೇತಪೈ ನಾರಾಯಣ ದೇವಸ್ಥಾನ, ನವಾಯತ ಮುಸ್ಲಿಮರ ಹಳೆಯ ಮನೆಗಳು ಹತ್ತಿರ ಹತ್ತಿರದಲ್ಲೇ ನಿಂತಿವೆ. ಆದರೂ ನಾಡಿಗೆ ಆ ಊರು ಗೊತ್ತಿರುವುದು ಗಲಭೆಯ ಸುದ್ದಿಯಿಂದ. 19ನೇ ಶತಮಾನದಲ್ಲಿ ಧಾರವಾಡ ಸೀಮೆಯ ಹತ್ತಿ ಘಟ್ಟ ಇಳಿದು ಕುಮಟೆಯಲ್ಲಿ ಹಡಗು ಹತ್ತುತ್ತಿತ್ತು, ಪೇಟೆಯಲ್ಲಿ ಅದಕ್ಕೆ ‘ಕುಮಟಾ ಹತ್ತಿ’ ಎಂದೇ ಹೆಸರಾಯಿತು. ಬಂದರು, ಗಾಡಿದಾರಿ, ಹಮಾಲಿಗಳು ಕಟ್ಟಿದ ಈ ಇತಿಹಾಸಕ್ಕೆ ಒಬ್ಬ ರಾಜನೂ ಬೇಕಾಗಲಿಲ್ಲ.

ಜನರಿಗೆ ಕಣ್ಣಿಗೆ ಕಾಣುವ ಸ್ಮಾರಕ ಬೇಕು, ಮಣ್ಣಿನ ಕಟ್ಟೆಯನ್ನು ಯಾರು ನೋಡಲು ಬರುತ್ತಾರೆ ಎಂದು ಕೇಳುವವರಿದ್ದಾರೆ. ಗೋಕರ್ಣಕ್ಕೆ ಬಂದವರು ಸಾಣಿಕಟ್ಟೆಯ ಉಪ್ಪಿನಾಗರದ ಮುಂದೆ ನಿಂತು ನೋಡುವುದಿಲ್ಲವೇ? ಅಲ್ಲಿ ಇವತ್ತೂ ಉಪ್ಪು ತೆಗೆಯುತ್ತಾರೆ. ವಿವರಿಸಿ ಹೇಳುವವರಿದ್ದರೆ ಕಟ್ಟೆಯೂ ಸ್ಮಾರಕವೇ. ಮಿರ್ಜಾನಿನ ಫಲಕದಲ್ಲಿ ಕೋಟೆ ಕಟ್ಟಿಸಿದವರ ಬಗೆಗಿನ ಎರಡೂ ಹೇಳಿಕೆಗಳನ್ನು ಬರೆಯಿರಿ. ಸರ್ಕಾರದ ಪಾರಂಪರಿಕ ತಾಣಗಳ ಪಟ್ಟಿಗೆ ಗಜನಿ ಕಟ್ಟೆಗಳನ್ನೂ ಉಪ್ಪಿನಾಗರವನ್ನೂ ಸೇರಿಸಿ, ಕಟ್ಟೆ ದುರಸ್ತಿಯ ಹಣವನ್ನು ಅದನ್ನು ಕಾಯುವ ರೈತರ ಕೈಗೇ ಕೊಡಿ.